ಹಳೆಯ ಕಾರು ರೇಡಿಯೊ: ರೇಸ್ ನೋಡಲು ಹೊರಡುವ ಮುನ್ನ ಮತ್ತು ದಾರಿಯಲ್ಲಿ ದೋಷ ಪತ್ತೆ ಮಾಡುವ ಬಗೆ

ಉತ್ತರ ಕನ್ನಡದ ಕರಾವಳಿಯಲ್ಲಿ ಇನ್ನೂ ಓಡುತ್ತಿರುವ ಹಳೆಯ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳ ಪೈಕಿ ಕೆಲವದರಲ್ಲಿ ಆ ಕಾಲದ ರೇಡಿಯೊ ಹಾಗೆಯೇ ಉಳಿದುಕೊಂಡಿದೆ. ಮನೆಯಂಗಳದಲ್ಲಿ ನಿಂತಾಗ ಅದು ಸರಿಯಾಗಿಯೇ ಹಾಡುತ್ತದೆ. ಮೋಟಾರ್ ರೇಸ್ ನೋಡಲೆಂದು ಕಾರವಾರದಿಂದ ಹೊರಟು, ಅಂಕೋಲೆ ದಾಟಿ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ, ಬೆಂಗಳೂರಿನ ದಾರಿಯಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಪಥವನ್ನು ಮುಟ್ಟುವಷ್ಟರಲ್ಲಿ ಮಾತ್ರ ಅದರ ಎಲ್ಲ ದೌರ್ಬಲ್ಯಗಳೂ ಹೊರಬಿದ್ದಿರುತ್ತವೆ. ಘಟ್ಟದ ಕುಲುಕಾಟ, ಗಂಟೆಗಟ್ಟಲೆ ಎಂಜಿನ್ನಿನ ಗದ್ದಲ, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಕಾವು, ಎಂಜಿನ್ ನಿಲ್ಲಿಸಿಯೇ ದಿನವಿಡೀ ರೇಡಿಯೊ ಹಾಕಿಕೊಳ್ಳುವ ಆಸೆ, ಇವೆಲ್ಲ ಒಂದೇ ಪ್ರವಾಸದಲ್ಲಿ ಒಟ್ಟಾಗುತ್ತವೆ.

ಕರಾವಳಿಯ ಕಾರುಗಳಲ್ಲಿ ರೇಡಿಯೊ ದೋಷವೆಂದು ಕಾಣುವುದರಲ್ಲಿ ಬಹುಪಾಲು ರೇಡಿಯೊ ಪೆಟ್ಟಿಗೆಯ ಹೊರಗಿನದೇ ಆಗಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ಯೂಸ್, ಅರ್ತ್ ಜೋಡಣೆ (ಬ್ಯಾಟರಿಯನ್ನೂ ರೇಡಿಯೊವನ್ನೂ ಕಾರಿನ ಲೋಹದ ಬಾಡಿಗೆ ಸೇರಿಸುವ ಸಂಪರ್ಕ), ಏರಿಯಲ್ (ಆಂಟೆನಾ), ಸ್ಪೀಕರ್ ಮತ್ತು ಎಂಜಿನ್ನಿನ ವಿದ್ಯುತ್ ಗದ್ದಲ ಎಂಬ ಐದನ್ನೂ ಪರೀಕ್ಷಿಸದೆ ಪೆಟ್ಟಿಗೆಯ ಮುಚ್ಚಳ ಬಿಚ್ಚಬಾರದು. ಉಪ್ಪುಗಾಳಿಗೆ ತಾಮ್ರದ ತುದಿಗಳಲ್ಲಿ ಕಿಲುಬು, ತಗಡಿನಲ್ಲಿ ತುಕ್ಕು ಹಿಡಿಯುವುದು ಮೊದಲು ಇಂಥ ಬಯಲಿನ ಜೋಡಣೆಗಳಲ್ಲೇ. ರೇಡಿಯೊದ ಒಳಭಾಗ ಅದಕ್ಕಿಂತ ಎಷ್ಟೋ ಸುರಕ್ಷಿತವಾಗಿರುತ್ತದೆ.

ಕೈ ಹಾಕುವ ಮೊದಲು: ಯಾವ ಬಗೆಯ ಸೆಟ್, ಯಾವ ತುದಿ ಅರ್ತ್

ಅಮೆರಿಕದ ಗ್ಯಾಲ್ವಿನ್ ಸಹೋದರರು 1930ರಲ್ಲಿ ಮೋಟೊರೋಲಾ ಹೆಸರಿನ ಕಾರು ರೇಡಿಯೊವನ್ನು ಮಾರುಕಟ್ಟೆಗೆ ತಂದ ಕಾಲದಿಂದ ಸುಮಾರು ಎರಡೂವರೆ ದಶಕ ಕಾರುಗಳಲ್ಲಿ ಇದ್ದದ್ದು ವಾಲ್ವ್ (ಕಾದ ಮೇಲೆ ಕೆಲಸ ಮಾಡುವ ಗಾಜಿನ ನಿರ್ವಾತ ಕೊಳವೆ) ಸೆಟ್‌ಗಳು. ಪೂರ್ತಿ ಟ್ರಾನ್ಸಿಸ್ಟರಿನ ಕಾರು ರೇಡಿಯೊವನ್ನು ಫಿಲ್ಕೊ ಕಂಪನಿ ಕ್ರೈಸ್ಲರ್ ಕಾರುಗಳಿಗಾಗಿ 1955ರಲ್ಲಿ ಹೊರತಂದಿತು. ಇವೆರಡರ ನಡುವಿನ ಬಗೆಯಾಗಿ, ವಾಲ್ವುಗಳ ಕೊನೆಗೆ ಒಂದು ಜರ್ಮೇನಿಯಂ ಪವರ್ ಟ್ರಾನ್ಸಿಸ್ಟರ್ ಇರುವ ಮಿಶ್ರ ಸೆಟ್‌ಗಳೂ ಬಂದುಹೋದವು. ಬಗೆ ತಿಳಿಯಲು ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಸ್ವಿಚ್ ಹಾಕಿದ ತಕ್ಷಣ ಧ್ವನಿ ಬಂದರೆ ಅದು ಟ್ರಾನ್ಸಿಸ್ಟರ್ ಸೆಟ್. ಸುಮಾರು ಅರ್ಧ ನಿಮಿಷ ಕಾದ ಮೇಲೆ ಧ್ವನಿ ಬಂದು, ಪೆಟ್ಟಿಗೆಯೊಳಗಿಂದ ಸಣ್ಣಗೆ ಗುಂಯ್‌ಗುಡುವ ಸದ್ದೂ ಕೇಳಿಸಿದರೆ ಅದು ವೈಬ್ರೇಟರ್ ಇರುವ ವಾಲ್ವ್ ಸೆಟ್. ಕಾದ ಮೇಲೆ ಧ್ವನಿ ಬಂದರೂ ಗುಂಯ್ ಸದ್ದು ಇಲ್ಲವಾದರೆ ಅದು ಬಹುಶಃ ಮಿಶ್ರ ಸೆಟ್.

ವೈಬ್ರೇಟರ್ ಎಂಬುದು ಬ್ಯಾಟರಿಯ ವಿದ್ಯುತ್ತನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುವ ಸಾಧನ. ಅದರಿಂದಾಗಿ ಪೆಟ್ಟಿಗೆಯೊಳಗೆ 200ರಿಂದ 250 ವೋಲ್ಟಿನ ಡಿ.ಸಿ. ಹುಟ್ಟುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿ ಏನು ಮಾಡೀತು ಎಂಬ ಧೈರ್ಯದಿಂದ ವಾಲ್ವ್ ಸೆಟ್ಟಿನೊಳಗೆ ಕೈ ಹಾಕುವುದು ಅಪಾಯಕಾರಿ. ಸ್ವಿಚ್ ತೆಗೆದ ಮೇಲೂ ಕಂಡೆನ್ಸರುಗಳಲ್ಲಿ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳಲ್ಲಿ) ಆ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ.

ಎರಡನೆಯದು ಅರ್ತ್‌ನ ಪ್ರಶ್ನೆ. ಬ್ರಿಟಿಷ್ ಮೂಲದ ಅನೇಕ ಕಾರುಗಳಲ್ಲಿ 1960ರ ದಶಕದವರೆಗೂ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಜೋಡಿಸುವ ಪದ್ಧತಿಯಿತ್ತು. ಫಿಯಟ್ ಕಾರುಗಳಲ್ಲಿ ಮೈನಸ್ ಅರ್ತ್. ಹಿಂದಿನ ಮಾಲೀಕರು ಇದನ್ನು ಬದಲಿಸಿರುವ ಸಾಧ್ಯತೆಯೂ ಇರುವುದರಿಂದ ಪುಸ್ತಕವನ್ನು ನಂಬದೆ, ಬ್ಯಾಟರಿಯ ಯಾವ ತುದಿಯ ಪಟ್ಟಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಬೇಕು. ಆಮೇಲೆ ಸೆಟ್ಟಿನ ಬೆನ್ನಿನಲ್ಲಿರುವ ಪ್ಲಸ್–ಮೈನಸ್ ಗುರುತಿನ ಸ್ವಿಚ್ ಅಥವಾ ಪ್ಲಗ್ ಅದಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು. ಟ್ರಾನ್ಸಿಸ್ಟರ್ ಸೆಟ್ಟಿಗೆ ತುದಿಗಳು ತಿರುವುಮುರುವಾದರೆ ಒಂದು ಕ್ಷಣವೇ ಸಾಕು, ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತುಹೋಗುತ್ತದೆ. ಯಾವ ಕೆಲಸಕ್ಕೂ ಮೊದಲು ಬ್ಯಾಟರಿಯ ಅರ್ತ್ ಪಟ್ಟಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು.

ಲಕ್ಷಣ: ಧ್ವನಿಯೂ ಇಲ್ಲ, ಡಯಲ್ ದೀಪವೂ ಉರಿಯುವುದಿಲ್ಲ

ದೀಪವೂ ಉರಿಯದಿದ್ದರೆ ವಿದ್ಯುತ್ತು ಸೆಟ್ಟಿಗೆ ತಲುಪುತ್ತಿಲ್ಲ ಎಂದರ್ಥ. ಕಾಸು ಖರ್ಚಿಲ್ಲದ ಪರೀಕ್ಷೆಯೆಂದರೆ, ಸೆಟ್ಟಿಗೆ ಹೋಗುವ ತಂತಿಯ ನಡುವೆ ಇರುವ ಕೊಳವೆಯಾಕಾರದ ಫ್ಯೂಸ್ ಹಿಡಿಕೆಯನ್ನು ಬಿಚ್ಚಿ ನೋಡುವುದು. ಗಾಜಿನ ಫ್ಯೂಸ್ ಒಳಗಿನ ತಂತಿ ಸರಿಯಾಗಿ ಕಂಡರೂ ನಂಬಬಾರದು. ಕರಾವಳಿಯಲ್ಲಿ ಫ್ಯೂಸಿನ ಲೋಹದ ಟೋಪಿಗೂ ಹಿಡಿಕೆಯ ಸ್ಪ್ರಿಂಗಿಗೂ ನಡುವೆ ಹಸಿರು ಕಿಲುಬು ಕೂತು ಸಂಪರ್ಕ ಕಡಿದಿರುವುದೇ ಹೆಚ್ಚು. ನುಣುಪಾದ ಸ್ಯಾಂಡ್ ಪೇಪರಿನಿಂದ ಎರಡನ್ನೂ ಉಜ್ಜಿ, ಅದೇ ಆಂಪಿಯರಿನ ಹೊಸ ಫ್ಯೂಸ್ ಹಾಕಬೇಕು.

ಫ್ಯೂಸ್ ಸರಿಯಿದ್ದರೆ ಮಲ್ಟಿಮೀಟರಿನಿಂದ ಸೆಟ್ಟಿನ ಬಳಿಯೇ, ಸ್ವಿಚ್ ಹಾಕಿದ ಸ್ಥಿತಿಯಲ್ಲಿ ಅಳೆಯಬೇಕು. ಎಂಜಿನ್ ನಿಂತಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ಬ್ಯಾಟರಿಯ ಮೇಲೆ ಅಷ್ಟು ಇದ್ದು ಸೆಟ್ಟಿನ ಬಳಿ ಹನ್ನೊಂದಕ್ಕಿಂತ ಕಡಿಮೆ ಕಂಡರೆ ನಡುವಿನ ತಂತಿಯಲ್ಲೋ ಇಗ್ನಿಷನ್ ಸ್ವಿಚ್ಚಿನಲ್ಲೋ ತಡೆ ಇದೆ. ಸ್ವಿಚ್ ಹಾಕದೆ ಅಳೆದರೆ ಈ ತಡೆ ಗೋಚರಿಸುವುದೇ ಇಲ್ಲ ಎಂಬುದನ್ನು ಗ್ಯಾರೇಜಿನವರೂ ಕೆಲವೊಮ್ಮೆ ಮರೆಯುತ್ತಾರೆ. ಮೀಟರಿನ ಒಂದು ಕಡ್ಡಿಯನ್ನು ರೇಡಿಯೊ ಪೆಟ್ಟಿಗೆಗೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೂ ತಾಗಿಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಜೋಡಣೆ ಕೆಟ್ಟಿದೆ. ಡ್ಯಾಶ್‌ಬೋರ್ಡಿನ ಬಣ್ಣ ಬಳಿದ ತಗಡನ್ನೇ ಅರ್ತ್ ಎಂದು ನಂಬಿ ಕೂರಿಸಿದ ಸೆಟ್‌ಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಪೆಟ್ಟಿಗೆಯಿಂದ ಬಾಡಿಯ ಉಜ್ಜಿದ ಲೋಹಕ್ಕೆ ಒಂದು ದಪ್ಪ ಹೆಣೆದ ಪಟ್ಟಿ ಎಳೆದರೆ ತೊಂದರೆ ಮುಗಿಯುತ್ತದೆ.

ಲಕ್ಷಣ: ದೀಪ ಉರಿಯುತ್ತದೆ, ಸ್ಪೀಕರ್ ಮಾತ್ರ ಮೂಕ

ಇಲ್ಲಿ ಮೊದಲ ಸಂಶಯ ಸ್ಪೀಕರಿನ ಮೇಲೆ. ರೇಡಿಯೊ ಆರಿಸಿ, ಸ್ಪೀಕರಿನ ಎರಡೂ ತಂತಿ ಬಿಡಿಸಿ, 1.5 ವೋಲ್ಟಿನ ಒಂದು ಸೆಲ್ಲನ್ನು ಕ್ಷಣಮಾತ್ರ ತಾಗಿಸಬೇಕು. ಟಕ್ ಎಂಬ ಸದ್ದು ಬಂದರೆ ಸ್ಪೀಕರ್ ಜೀವಂತವಾಗಿದೆ. ಸದ್ದು ಬರದಿದ್ದರೆ ಸುರುಳಿ ಕಡಿದಿದೆ. ಸದ್ದು ಕರಕರ ಎಂದು ಬಂದರೆ, ಮಳೆಗಾಲದ ತೇವಕ್ಕೆ ಕಾಗದದ ಕೋನ್ ಬೂಷ್ಟು ಹಿಡಿದು ಸೊಟ್ಟಗಾಗಿ, ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿರಬಹುದು. ಹೊಸ ಸ್ಪೀಕರ್ ಕೊಳ್ಳುವಾಗ ಹಳೆಯದರ ಓಮ್ ಅಳತೆಯದನ್ನೇ ಕೊಳ್ಳಬೇಕು. ಹಳೆಯ ಸೆಟ್‌ಗಳಲ್ಲಿ ಅದು ಸಾಮಾನ್ಯವಾಗಿ ಮೂರರಿಂದ ನಾಲ್ಕು ಓಮ್. ಎರಡು ಸ್ಪೀಕರುಗಳನ್ನು ಸಮಾನಾಂತರವಾಗಿ, ಅಂದರೆ ಎರಡರ ತಂತಿಗಳನ್ನೂ ಅದೇ ಎರಡು ತುದಿಗಳಿಗೆ, ಜೋಡಿಸಿದರೆ ಈ ಅಳತೆ ಅರ್ಧಕ್ಕಿಳಿದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತದೆ. ಸ್ಪೀಕರ್ ಇಲ್ಲದೆ ಹಳೆಯ ಸೆಟ್ಟನ್ನು ಹಾಕುವುದೂ ಅಷ್ಟೇ ಕೆಟ್ಟದ್ದು.

ಸ್ಪೀಕರ್ ಸರಿಯಿದ್ದು, ವಾಲ್ವ್ ಸೆಟ್ಟಿನಲ್ಲಿ ಗುಂಯ್ ಸದ್ದೇ ಇಲ್ಲವಾದರೆ ವೈಬ್ರೇಟರಿನ ತುದಿಗಳು ಅಂಟಿವೆ ಅಥವಾ ಸವೆದಿವೆ. ವೈಬ್ರೇಟರ್ ಪಿನ್ನುಗಳ ಮೇಲೆ ಕೂರುವ ಡಬ್ಬಿಯಾದ್ದರಿಂದ ಬದಲಿಸುವುದು ಸುಲಭವೆನಿಸುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿರುವ ಬಫರ್ ಕಂಡೆನ್ಸರನ್ನು ಬದಲಿಸದೆ ಹೊಸ ವೈಬ್ರೇಟರ್ ಹಾಕಿದರೆ ಅದೂ ಬೇಗನೆ ಸಾಯುತ್ತದೆ; ಆ ಕಂಡೆನ್ಸರ್ ಇರುವುದು ಹೆಚ್ಚಿನ ವೋಲ್ಟೇಜಿನ ಭಾಗದಲ್ಲಿ. ಹೀಗಾಗಿ ಇಲ್ಲಿಗೆ ನಿಲ್ಲಿಸಿ ಸೆಟ್ಟನ್ನು ವಾಲ್ವ್ ರೇಡಿಯೊ ಬಲ್ಲವರಿಗೆ ಒಪ್ಪಿಸುವುದೇ ಸರಿ.

ಲಕ್ಷಣ: ಸುಯ್ ಎಂಬ ಸದ್ದು ಮಾತ್ರ, ಯಾವ ನಿಲಯವೂ ಸಿಗುವುದಿಲ್ಲ

ಮೊದಲು ಕೇಳಬೇಕಾದ ಪ್ರಶ್ನೆ ಸೆಟ್ಟಿನ ಬಗ್ಗೆ ಅಲ್ಲ, ನಿಲಯದ ಬಗ್ಗೆ. ಕಾರವಾರ ಆಕಾಶವಾಣಿ ಕೇಳಿಸುವುದು 102.3 ಮೆಗಾಹರ್ಟ್ಸ್ ಎಫ್.ಎಂ.ನಲ್ಲಿ. ಮೀಡಿಯಂ ವೇವ್ ಮಾತ್ರ ಇರುವ ಹಳೆಯ ಕಾರು ರೇಡಿಯೊ ಅದನ್ನು ಹಿಡಿಯಲಾರದು, ಎಷ್ಟು ರಿಪೇರಿ ಮಾಡಿದರೂ ಹಿಡಿಯಲಾರದು. ಊರಿನ ನಿಲಯವೇ ಬರುತ್ತಿಲ್ಲ ಎಂದು ಒಳ್ಳೆಯ ಸೆಟ್ಟನ್ನು ಬಿಚ್ಚಿಸಿ ಹಾಳುಮಾಡಿಸಿಕೊಂಡವರಿದ್ದಾರೆ. ಇಂಥ ಸೆಟ್ಟಿಗೆ ಧಾರವಾಡದ 765 ಕಿಲೋಹರ್ಟ್ಸ್, ಪಣಜಿಯ 1287 ಕಿಲೋಹರ್ಟ್ಸ್ ಮುಂತಾದ ಮೀಡಿಯಂ ವೇವ್ ನಿಲಯಗಳನ್ನೇ ಹುಡುಕಬೇಕು. ಡಯಲಿನ ಮೇಲೆ ಮೀಟರ್ ಲೆಕ್ಕದ ಅಂಕೆಗಳಿದ್ದರೆ 300000 ಅನ್ನು ಕಿಲೋಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಜಾಗ ಸಿಗುತ್ತದೆ. ಧಾರವಾಡ ಸುಮಾರು 392ರಲ್ಲಿ, ಪಣಜಿ ಸುಮಾರು 233ರಲ್ಲಿ. ನಿಲಯ ಆ ಹೊತ್ತಿನಲ್ಲಿ ಪ್ರಸಾರ ಮಾಡುತ್ತಿದೆಯೇ ಎಂಬುದನ್ನು ಕಾರಿನ ಹೊರಗೆ ನಿಂತು ಒಂದು ಸಣ್ಣ ಪಾಕೆಟ್ ರೇಡಿಯೊದಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಈ ಪಾಕೆಟ್ ರೇಡಿಯೊ ಮುಂದೆಯೂ ಹಲವು ಕಡೆ ಉಪಯೋಗಕ್ಕೆ ಬರುತ್ತದೆ.

ಮೀಡಿಯಂ ವೇವ್ ಅಲೆಗಳು ಉಪ್ಪುನೀರಿನ ಮೇಲೆ ಒಳ್ಳೆಯ ದೂರ ಸಾಗುತ್ತವೆ, ಒಣ ಕಲ್ಲುನೆಲದ ಮೇಲೆ ಬೇಗ ಸೊರಗುತ್ತವೆ. ಆದ್ದರಿಂದ ಸದಾಶಿವಗಡದ ಕಡಲಂಚಿನಲ್ಲಿ ಗಟ್ಟಿಯಾಗಿ ಕೇಳುತ್ತಿದ್ದ ಪಣಜಿ, ದೇವಿಮನೆ ಘಟ್ಟ ಹತ್ತಿ ಶಿರಸಿಯ ಕಡೆ ಹೋದಂತೆ ಕ್ಷೀಣಿಸಿದರೆ ಅದು ದೋಷವಲ್ಲ. ಕತ್ತಲಾದ ಮೇಲೆ ದೂರದ ನಿಲಯಗಳು ಒಂದರ ಮೇಲೊಂದು ಬಂದು ಏರಿಳಿಯುವುದೂ ಸಹಜ. ಸೆಟ್ಟಿನ ಶಕ್ತಿಯನ್ನು ಹಗಲಿನಲ್ಲಿಯೇ ಅಳೆಯಬೇಕು.

ಪಾಕೆಟ್ ರೇಡಿಯೊದಲ್ಲಿ ನಿಲಯವಿದ್ದು ಕಾರಿನ ಸೆಟ್ಟಿನಲ್ಲಿ ಇಲ್ಲವಾದರೆ ತಪ್ಪು ಬಹುಶಃ ಏರಿಯಲ್ಲಿನದು. ಸೆಟ್ಟಿನ ಹಿಂದಿನ ಏರಿಯಲ್ ಪ್ಲಗ್ ತೆಗೆದು, ಒಂದೆರಡು ಮೀಟರ್ ತಂತಿಯನ್ನು ಸೆಟ್ಟಿನ ಏರಿಯಲ್ ಕಿಂಡಿಯ ನಡುವಿನ ತೂತಿಗೆ ಸಿಕ್ಕಿಸಿ ಹೊರಗೆ ಹಿಡಿದಾಗ ನಿಲಯ ಬಂದರೆ ಸೆಟ್ ಸರಿಯಿದೆ ಎಂದು ತೀರ್ಮಾನಿಸಬಹುದು. ಆಮೇಲೆ ಏರಿಯಲ್ಲನ್ನು ಮೀಟರಿನಿಂದ ನೋಡಬೇಕು: ಕಡ್ಡಿಯ ತುದಿಯಿಂದ ಪ್ಲಗ್ಗಿನ ನಡುಪಿನ್ನಿಗೆ ಸಂಪರ್ಕ ಇರಬೇಕು, ನಡುಪಿನ್ನಿನಿಂದ ಹೊರಕವಚಕ್ಕೆ ಸಂಪರ್ಕ ಕಿಂಚಿತ್ತೂ ಇರಬಾರದು, ಹೊರಕವಚದಿಂದ ಕಾರಿನ ಬಾಡಿಗೆ ಮತ್ತೆ ಪೂರ್ತಿ ಸಂಪರ್ಕ ಇರಬೇಕು. ಎರಡನೆಯ ಪರೀಕ್ಷೆ ತಪ್ಪುವುದು ಬುಡದ ರಬ್ಬರಿನೊಳಗೆ ಮಳೆನೀರು ಇಳಿದಾಗ ಅಥವಾ ಉಪ್ಪಿನ ಪದರ ಕೂತಾಗ. ಮೂರನೆಯದು ತಪ್ಪುವುದು ಬುಡದ ಕೆಳಗಿನ ತಗಡು ತುಕ್ಕು ಹಿಡಿದಾಗ, ಮತ್ತು ಕರಾವಳಿಯಲ್ಲಿ ನನಗೆ ಅತಿ ಹೆಚ್ಚು ಕಂಡಿರುವ ದೋಷ ಇದೇ. ಬುಡ ಬಿಚ್ಚಿ, ಮಡ್‌ಗಾರ್ಡಿನ ಒಳಬದಿಯ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿದು, ಹೊರಗಿನಿಂದ ವ್ಯಾಸಲೀನ್ ಸವರಬೇಕು. ಕೇಬಲ್ ಉದ್ದ ಸಾಲದೆಂದು ಟಿ.ವಿ. ಕೇಬಲಿನ ತುಂಡು ಸೇರಿಸಬಾರದು. ಕಾರಿನ ಏರಿಯಲ್ ಕೇಬಲ್ ಬೇರೆಯೇ ಗುಣದ್ದು, ಬದಲಿಸಿದರೆ ಬಂದ ಸಂಕೇತವೂ ಅದರಲ್ಲೇ ಇಂಗಿಹೋಗುತ್ತದೆ.

ಏರಿಯಲ್ ಬದಲಿಸಿದ ಮೇಲೆ ಸೆಟ್ಟಿನ ಏರಿಯಲ್ ಟ್ರಿಮ್ಮರನ್ನು ಹೊಂದಿಸುವುದು ಕಡ್ಡಾಯ. ಇದು ಏರಿಯಲ್ ಕಿಂಡಿಯ ಬಳಿ ಅಥವಾ ಗುಂಡಿಯ ಹಿಂದೆ ಅಡಗಿರುವ ಸಣ್ಣ ತಿರುಪು. ಏರಿಯಲ್ ಪೂರ್ತಿ ಎಳೆದು, 1200ರಿಂದ 1500 ಕಿಲೋಹರ್ಟ್ಸ್ ನಡುವಿನ ಮಂದವಾಗಿ ಕೇಳುವ ನಿಲಯವೊಂದನ್ನು ಹಿಡಿದು, ಧ್ವನಿ ಗರಿಷ್ಠವಾಗುವವರೆಗೆ ತಿರುಪನ್ನು ನಿಧಾನವಾಗಿ ತಿರುಗಿಸಬೇಕು. ಒಳಗಿನ ಬೇರೆ ಯಾವ ತಿರುಪನ್ನೂ ಮುಟ್ಟಬಾರದು.

ಲಕ್ಷಣ: ಎಂಜಿನ್ ಚಾಲೂ ಆದೊಡನೆ ಗದ್ದಲ

ಗದ್ದಲದ ಬಗೆಯೇ ಅದರ ಮೂಲವನ್ನು ಹೇಳುತ್ತದೆ. ವೇಗ ಹೆಚ್ಚಿದಂತೆ ತೀವ್ರವಾಗುವ ಟಕಟಕ ಸದ್ದು ಸ್ಪಾರ್ಕಿನದು. ಸಿಳ್ಳೆಯಂತೆ ಏರುತ್ತಾ ಹೋಗುವ ಕೀಂಯ್ ಸದ್ದು ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೊ ಅಥವಾ ಆಲ್ಟರ್ನೇಟರಿನದು. ಲೆಕ್ಕವಿಲ್ಲದಂತೆ ಬಂದುಹೋಗುವ ಚರಚರ ಸದ್ದು ಆ ಚಾರ್ಜನ್ನು ನಿಯಂತ್ರಿಸುವ ರೆಗ್ಯುಲೇಟರ್ ಡಬ್ಬಿಯ ತುದಿಗಳದು. ಎಂಜಿನ್ನಿಗೆ ಸಂಬಂಧವೇ ಇಲ್ಲದ ಏಕಸ್ವರದ ಗುಂಯ್ ಸದ್ದು ಬಹಳ ಸಲ ಸಿಗರೇಟ್ ಲೈಟರಿನ ಕಿಂಡಿಗೆ ಸಿಕ್ಕಿಸಿದ ಮೊಬೈಲ್ ಚಾರ್ಜರಿನದಾಗಿರುತ್ತದೆ. ಅದನ್ನು ಕಿತ್ತರೆ ಮುಗಿಯಿತು, ಮುಂದಿನದನ್ನು ಓದಬೇಕಾಗಿಲ್ಲ.

ಸ್ಪಾರ್ಕೋ ಡೈನಮೊವೋ ಎಂಬ ಸಂದೇಹವಿದ್ದರೆ, ಕಾರು ನಿಂತಲ್ಲೇ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಎಂಜಿನ್ ವೇಗ ಏರಿಸಿ, ಫಕ್ಕನೆ ಇಗ್ನಿಷನ್ ಆರಿಸಬೇಕು. ಇದಕ್ಕಾಗಿ ರೇಡಿಯೊಗೆ ತಾತ್ಕಾಲಿಕವಾಗಿ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ತಂತಿ ಕೊಟ್ಟಿರಬೇಕಾಗುತ್ತದೆ. ಗದ್ದಲ ಅದೇ ಕ್ಷಣ ನಿಂತರೆ ಸ್ಪಾರ್ಕ್. ಎಂಜಿನ್ ಸುತ್ತಿ ನಿಲ್ಲುವವರೆಗೂ ಇಳಿಯುತ್ತಾ ಉಳಿದರೆ ಡೈನಮೊ. ಓಡುತ್ತಿರುವ ಕಾರಿನಲ್ಲಿ, ಅದರಲ್ಲೂ ಘಟ್ಟದ ಇಳಿಜಾರಿನಲ್ಲಿ, ಈ ಪರೀಕ್ಷೆ ಮಾಡಲೇಬಾರದು. ಎರಡನೆಯ ಪ್ರಶ್ನೆ, ಗದ್ದಲ ಒಳಬರುವ ದಾರಿ ಯಾವುದು ಎಂಬುದು. ಏರಿಯಲ್ ಪ್ಲಗ್ ಕಿತ್ತಾಗ ಗದ್ದಲವೂ ಹೋದರೆ ಅದು ಏರಿಯಲ್ ಮೂಲಕ ಬರುತ್ತಿದೆ, ಏರಿಯಲ್ ಬುಡದ ಅರ್ತನ್ನೂ ಬಾನೆಟ್ಟಿನ ಅರ್ತನ್ನೂ ಸರಿಪಡಿಸಬೇಕು. ಕಿತ್ತರೂ ಉಳಿದರೆ ಅದು ವಿದ್ಯುತ್ ತಂತಿಯ ಮೂಲಕ ಬರುತ್ತಿದೆ.

ಪರಿಹಾರಗಳು ಅಗ್ಗವೇ. ಸ್ಪಾರ್ಕಿನ ಸದ್ದಿಗೆ, ಪ್ಲಗ್ಗುಗಳಿಗೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿನ ನಡುತಂತಿಯಲ್ಲಿ ಸುಮಾರು 10 ಕಿಲೋ ಓಮಿನ ಸಪ್ರೆಸರ್ (ಗದ್ದಲ ತಗ್ಗಿಸುವ ರೆಸಿಸ್ಟರ್) ಅಥವಾ ಕಾರ್ಬನ್ ತಿರುಳಿನ ತಂತಿಗಳು ಸಾಕಾಗುತ್ತವೆ. ಸ್ಪಾರ್ಕಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ಲಿಗೆ ಇಗ್ನಿಷನ್ ಸ್ವಿಚ್ಚಿನಿಂದ ವಿದ್ಯುತ್ತು ಬರುವ ತುದಿಗೆ ಒಂದು ಮೈಕ್ರೋಫ್ಯಾರಡ್ ಕಂಡೆನ್ಸರ್ ಜೋಡಿಸಬಹುದು. ಪಾಯಿಂಟಿಗೆ (ಕಾಯಿಲ್ಲಿನ ವಿದ್ಯುತ್ತನ್ನು ತೆರೆದು ಮುಚ್ಚುವ, ಡಿಸ್ಟ್ರಿಬ್ಯೂಟರಿನೊಳಗಿನ ಸಂಪರ್ಕಕ್ಕೆ) ಹೋಗುವ ತುದಿಗೆ ಜೋಡಿಸಿದರೆ ಎಂಜಿನ್ ಮುಗ್ಗರಿಸುತ್ತದೆ. ಡೈನಮೊಗೆ ಅದೇ ಬಗೆಯ ಕಂಡೆನ್ಸರನ್ನು ಡಿ ಗುರುತಿನ ದಪ್ಪ ತುದಿಗೆ ಜೋಡಿಸಬೇಕು. ಎಫ್ ಗುರುತಿನ ಸಣ್ಣ ತುದಿಗೆ ಎಂದೂ ಜೋಡಿಸಬಾರದು, ಏಕೆಂದರೆ ಅದರಿಂದ ರೆಗ್ಯುಲೇಟರಿನ ತುದಿಗಳು ಸುಡುತ್ತವೆ.

ಒಣ ರಸ್ತೆಯಲ್ಲಿ ಓಡುವಾಗ ಮಾತ್ರ ಕೇಳಿ, ಬ್ರೇಕನ್ನು ಮೆಲ್ಲಗೆ ಒತ್ತಿದಾಗ ಮಾಯವಾಗುವ ಸದ್ದು ಮುಂದಿನ ಚಕ್ರಗಳಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತಿನದು. ನಮ್ಮ ಮಳೆಗಾಲದಲ್ಲಿ ಅದು ಕೇಳಿಸುವುದೇ ಇಲ್ಲ.

ರೇಸ್ ಮೈದಾನದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೂ ಗದ್ದಲ ಬರುತ್ತಿದ್ದರೆ ಸುತ್ತ ನೋಡಬೇಕು. ಜನರೇಟರ್‌ಗಳು, ದೊಡ್ಡ ಎಲ್.ಇ.ಡಿ. ಪರದೆಗಳು, ಧ್ವನಿವರ್ಧಕದ ವ್ಯವಸ್ಥೆ, ಇವೆಲ್ಲ ಮೀಡಿಯಂ ವೇವನ್ನು ಕೆಡಿಸುತ್ತವೆ. ಪಂದ್ಯಕ್ಕೆ ಸಜ್ಜಾದ ಹಳೆಯ ಎಂಜಿನ್ನುಗಳಲ್ಲಿ ಸಪ್ರೆಸರ್ ಇಲ್ಲದ ತಾಮ್ರದ ತಂತಿಗಳಿದ್ದರೆ ಅವು ಪಥದಲ್ಲಿ ಹಾದುಹೋಗುವಾಗಲೂ ಟಕಟಕ ಸದ್ದು ತೇಲಿಬರುತ್ತದೆ. ಪಾಕೆಟ್ ರೇಡಿಯೊದಲ್ಲೂ ಅದೇ ಸದ್ದು ಇದ್ದರೆ ನಿಮ್ಮ ಕಾರು ನಿರ್ದೋಷಿ.

ಲಕ್ಷಣ: ಘಟ್ಟದ ತಿರುವಿನಲ್ಲಿ, ಗುಂಡಿಯಲ್ಲಿ ಧ್ವನಿ ಬಂದು ಹೋಗುವುದು

ಕಾರು ನಿಲ್ಲಿಸಿ, ಒಬ್ಬರು ಕೇಳುತ್ತಿರುವಾಗ ಇನ್ನೊಬ್ಬರು ಏರಿಯಲ್ ಕಡ್ಡಿ, ಏರಿಯಲ್ ಪ್ಲಗ್, ಸ್ಪೀಕರ್ ತಂತಿ, ಫ್ಯೂಸ್ ಹಿಡಿಕೆ ಎಂಬ ಕ್ರಮದಲ್ಲಿ ಒಂದೊಂದನ್ನೇ ಅಲ್ಲಾಡಿಸಬೇಕು. ವಾಲ್ಯೂಮ್ ತಿರುಗಿಸಿದಾಗ ಮಾತ್ರ ಕರಕರ ಬಂದರೆ ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸಿದರೆ ಸಾಕು. ಪೆಟ್ರೋಲ್ ಹಾಕುವುದು ಬೆಂಕಿಗೆ ಆಹ್ವಾನ. ಇಗ್ನಿಷನ್ ಸ್ವಿಚ್ ಹಾಕಿದಾಗ ಸುಮ್ಮನಿದ್ದು, ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದಾಗ ಎಚ್ಚರಗೊಳ್ಳುವ 1960ರ ದಶಕದ ಸೆಟ್‌ಗಳಲ್ಲಿ ಎ.ಎಫ್. 114ರಿಂದ 117ರವರೆಗಿನ ಟ್ರಾನ್ಸಿಸ್ಟರುಗಳಿದ್ದರೆ, ಅವುಗಳ ಡಬ್ಬಿಯೊಳಗೆ ತವರದ ಕೂದಲೆಳೆಗಳು ಬೆಳೆದು ತುದಿಗಳನ್ನು ಕೂಡಿಸಿರಬಹುದು. ಅದು ರೇಡಿಯೊ ರಿಪೇರಿಯವರ ಕೆಲಸ.

ಲಕ್ಷಣ: ಮೈದಾನದಲ್ಲಿ ನಿಂತ ಮೇಲೆ ಧ್ವನಿ ಒಡೆಯುವುದು, ಅಥವಾ ಸಂಜೆ ಕಾರು ಚಾಲೂ ಆಗದಿರುವುದು

ಬಿಸಿಲಿನಲ್ಲಿ ಮುಚ್ಚಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿಯಾದಷ್ಟೂ ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಎಳೆದಷ್ಟೂ ಮತ್ತೆ ಬಿಸಿಯಾಗುತ್ತದೆ. ಈ ಸರಣಿ ತಾನಾಗಿ ನಿಲ್ಲದೆ ಟ್ರಾನ್ಸಿಸ್ಟರನ್ನು ಸುಟ್ಟೇ ನಿಲ್ಲುತ್ತದೆ. ಧ್ವನಿ ಒಡೆಯತೊಡಗಿ, ಸೆಟ್ಟಿನ ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಕೈಯಿಂದ ಮುಟ್ಟಲಾಗದಷ್ಟು ಕಾವು ಇದ್ದರೆ ಕೂಡಲೇ ಆರಿಸಿ, ಕಿಟಕಿ ತೆರೆದು, ತಣ್ಣಗಾಗುವವರೆಗೆ ಬಿಡಬೇಕು. ತಣ್ಣಗಿದ್ದಾಗಲೂ ಧ್ವನಿ ಒಡೆದಿದ್ದರೆ ಹಳೆಯ ಕಂಡೆನ್ಸರುಗಳು ಸೋರುತ್ತಿವೆ ಎಂದರ್ಥ, ಅದು ಪೆಟ್ಟಿಗೆಯೊಳಗಿನ ಕೆಲಸ.

ಬ್ಯಾಟರಿಯ ಲೆಕ್ಕ ಸರಳ. ಟ್ರಾನ್ಸಿಸ್ಟರ್ ಸೆಟ್ ಒಂದು ಆಂಪಿಯರಿನ ಆಸುಪಾಸು ಎಳೆದರೆ ವೈಬ್ರೇಟರ್ ಸೆಟ್ ಐದು ಆಂಪಿಯರಿನಷ್ಟು ಎಳೆಯಬಹುದು. 40 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸದಿರುವುದು ಕ್ಷೇಮವಾದ್ದರಿಂದ, ವಾಲ್ವ್ ಸೆಟ್ಟಿಗೆ ನಾಲ್ಕು ಗಂಟೆಯೇ ಮಿತಿ. ಇದಕ್ಕಿಂತ ಕೆಟ್ಟದ್ದು, ರೇಡಿಯೊದ ತಂತಿಯನ್ನು ಇಗ್ನಿಷನ್ ಸ್ವಿಚ್ಚಿನ ಆಚೆಗೆ ಜೋಡಿಸಿರುವ ಕಾರುಗಳಲ್ಲಿ ಎಂಜಿನ್ ಆರಿಸಿ ಇಗ್ನಿಷನ್ ಹಾಕಿಯೇ ಕೂರುವುದು. ಆಗ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಕೂಡ ಮೂರ್ನಾಲ್ಕು ಆಂಪಿಯರ್ ಎಳೆಯುತ್ತಾ ಕಾದು, ಪಾಯಿಂಟ್ ಸುಟ್ಟು, ಊರಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಕಾರು ನಿಂತುಬಿಡುತ್ತದೆ. ರೇಡಿಯೊಗೆ ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಇರುವ ತಂತಿ ಎಳೆಸಿಕೊಂಡೇ ಪ್ರಯಾಣ ಹೊರಡುವುದು ಉತ್ತಮ.

ಲಕ್ಷಣ: ಫ್ಯೂಸ್ ಮತ್ತೆ ಮತ್ತೆ ಸುಡುವುದು, ಸುಟ್ಟ ವಾಸನೆ, ಹೊಗೆ

ಹೊಗೆ ಕಂಡರೆ ಕಾರು ಬದಿಗೆ ನಿಲ್ಲಿಸಿ, ಇಗ್ನಿಷನ್ ಆರಿಸಿ, ಎಲ್ಲರೂ ಇಳಿದ ಮೇಲೆ ಬ್ಯಾಟರಿಯ ಅರ್ತ್ ಪಟ್ಟಿ ತೆಗೆಯಬೇಕು. ಹಳೆಯ ತಂತಿಗಳ ಬಟ್ಟೆಯ ಹೊದಿಕೆಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ತಗಡನ್ನಾಗಲಿ ತಾಮ್ರದ ತಂತಿಯನ್ನಾಗಲಿ ಹಾಕುವುದು ಕಾರನ್ನೇ ಫ್ಯೂಸ್ ಮಾಡಿದಂತೆ.

ಹೊಗೆ ಇಲ್ಲದೆ ಫ್ಯೂಸ್ ಮಾತ್ರ ಸುಡುತ್ತಿದ್ದರೆ, ಸೆಟ್ಟಿನ ಪ್ಲಗ್ ಕಿತ್ತು ಹೊಸ ಫ್ಯೂಸ್ ಹಾಕಿ ನೋಡಬೇಕು. ಆಗಲೂ ಸುಟ್ಟರೆ ದಾರಿಯಲ್ಲಿ ತಂತಿ ಎಲ್ಲೋ ಬಾಡಿಗೆ ತಾಗುತ್ತಿದೆ. ಮಳೆಗಾಲ ಕಳೆದ ಮೇಲೆ ಡ್ಯಾಶ್‌ಬೋರ್ಡಿನ ಹಿಂದೆ ಇಲಿ ಕಡಿದ ತಂತಿ ಸಿಗುವುದು ಹೊಸದೇನಲ್ಲ. ಸೆಟ್ ಜೋಡಿಸಿದಾಗ ಮಾತ್ರ ಸುಟ್ಟರೆ, ಟ್ರಾನ್ಸಿಸ್ಟರ್ ಸೆಟ್‌ಗಳಿಗೆ ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬ್ರೇಕ್ ದೀಪದ ಬಲ್ಬನ್ನು ಸರಣಿಯಾಗಿ ಜೋಡಿಸಿ ಪರೀಕ್ಷಿಸಬಹುದು. ಬಲ್ಬ್ ಮಂದವಾಗಿ ಉರಿದು ಸೆಟ್ ಸಣ್ಣಗೆ ಹಾಡಿದರೆ ಸೆಟ್ ಸುರಕ್ಷಿತ, ಹಿಂದಿನ ಫ್ಯೂಸಿನ ಅಳತೆ ತಪ್ಪಿತ್ತು. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಇದೆ ಅಥವಾ ಅರ್ತ್ ತುದಿ ತಿರುವುಮುರುವಾಗಿದೆ. ಅಲ್ಲಿಗೆ ಪರೀಕ್ಷೆ ನಿಲ್ಲಿಸಬೇಕು. ವಾಲ್ವ್ ಸೆಟ್ಟಿನಲ್ಲಿ ಫ್ಯೂಸ್ ಪದೇ ಪದೇ ಸುಟ್ಟರೆ ವೈಬ್ರೇಟರ್ ಅಂಟಿದೆ ಎಂದೇ ಭಾವಿಸಿ, ಮನೆಯಲ್ಲಿ ಮುಂದುವರಿಯದಿರುವುದು ಒಳ್ಳೆಯದು.

ರಿಪೇರಿಗೆ ಕೊಡುವಾಗ ಸೆಟ್ಟಿನ ಜೊತೆ ಅದರ ಸ್ಪೀಕರನ್ನೂ ಕೊಡಬೇಕು, ಮತ್ತು ಒಂದು ಚೀಟಿಯಲ್ಲಿ ಕಾರಿನ ಅರ್ತ್ ಪ್ಲಸ್ಸೋ ಮೈನಸ್ಸೋ, ದೋಷ ಕಾಣಿಸಿದ್ದು ತಣ್ಣಗಿದ್ದಾಗಲೋ ಕಾದ ಮೇಲೋ, ಫ್ಯೂಸ್ ಎಷ್ಟು ಆಂಪಿಯರಿನದು ಎಂಬುದನ್ನು ಬರೆದು ಪೆಟ್ಟಿಗೆಗೆ ಕಟ್ಟಬೇಕು. ಸೆಟ್ ಮರಳಿ ಬಂದಾಗ ಅದರ ಬೆನ್ನಿನ ಪ್ಲಸ್–ಮೈನಸ್ ಸ್ವಿಚ್ಚನ್ನು ಇನ್ನೊಮ್ಮೆ ನೋಡಬೇಕು. ಮೇಜಿನ ಮೇಲೆ ಪರೀಕ್ಷಿಸುವವರು ತಮ್ಮ ಅನುಕೂಲಕ್ಕೆ ಅದನ್ನು ತಿರುಗಿಸಿ ಮರೆತಿರಬಹುದು.